ಟ್ರ್ಯಾಕ್ಟರ್ ಟೈರಿನ ಮೇಲೆ ದೇವದುರ್ಗಕ್ಕೆ

ನಮ್ಮ ಜೀಪಿನ ಸ್ಟೆಪ್ನಿ ಜೀಪಿನದಲ್ಲ, ಯಾವುದೋ ಕಾರಿನದು ಎಂದು ನನಗೆ ಗೊತ್ತಾದದ್ದು ಸಿರವಾರ ದಾಟಿ ಹಿಂದಿನ ಟೈರು ಹರಿದ ಮೇಲೆ.

ಕಳೆದ ವಾರದ ಮಾತು. ನರ್ಸ್ ಕೆಲಸದಿಂದ ನಿವೃತ್ತಳಾದರೂ ಲಸಿಕೆಯ ದಿನಗಳಲ್ಲಿ ನನ್ನನ್ನು ಕರೆಯುತ್ತಾರೆ. (ಕರೆಯದಿದ್ದರೂ ಹೋಗುತ್ತೇನೆ.) ರಾಯಚೂರಿನಿಂದ ದಡಾರದ ಲಸಿಕೆ ತಂದು, ಮಾನ್ವಿಯ ಪಾಲನ್ನು ಇಳಿಸಿ, ಉಳಿದ ಐಸ್ ಪೆಟ್ಟಿಗೆಯೊಂದಿಗೆ ದೇವದುರ್ಗಕ್ಕೆ ಹೊರಟಿದ್ದೆ. ಅಲ್ಲಿ ತಾಯಂದಿರು ದಿನದ ಕೂಲಿ ಬಿಟ್ಟು, ಕೂಸುಗಳನ್ನು ಎತ್ತಿಕೊಂಡು ಕಾಯುತ್ತಿದ್ದರು. ಐಸ್ ಕರಗಿದರೆ ಲಸಿಕೆ ಬರೀ ನೀರು. ಇನ್ನೊಂದು ದಿನ ಬನ್ನಿ ಎಂದರೆ ಯಾರು ಬರುತ್ತಾರೆ?

ಡ್ರೈವರ್ ಮಲ್ಲಯ್ಯ ಗಾಲಿ ಬಿಚ್ಚಿ ಸ್ಟೆಪ್ನಿ ಹಚ್ಚಲು ಹೋದ. ಬೋಲ್ಟಿನ ತೂತುಗಳೇ ಕೂಡಲಿಲ್ಲ.

“ನಮ್ದು ಸವದಿತ್ತು, ಹೊಸ ರಬ್ಬರ್ ಹಚ್ಚಾಕ ರಿಸೋಲಿಗೆ ಕೊಟ್ಟೀನ್ರಿ ಸಿಸ್ಟರಮ್ಮಾರ. ಇದು ಗೆಳ್ಯಾಂದು. ಬಾಜೂಕ ನಿಲ್ಲಿಸಿ ನೋಡಿದ್ದೆ, ಎತ್ತರ ಒಂದ ಇತ್ತು.”

“ನಂಬರ್ ಓದಿದ್ಯೇನು?”

“ಟೈರಿಂದು ನಂಬರ್ ಓದಾಕ ಅದೇನು ಪರೀಕ್ಷಾ ಬರದದೇನ್ರಿ?”

ಬಾಟಲಿಯ ಲೇಬಲ್ಲನ್ನು ಮೂರು ಸಲ ಓದದೆ ಸೂಜಿ ಎತ್ತಬಾರದು ಎಂದು ನಮಗೆ ಕಲಿಸಿದ್ದರು. ಎತ್ತಿಕೊಳ್ಳುವಾಗ ಒಮ್ಮೆ, ತುಂಬುವಾಗ ಒಮ್ಮೆ, ಕೆಳಗಿಡುವಾಗ ಒಮ್ಮೆ. ಟೈರಿಗೂ ಲೇಬಲ್ ಇರುತ್ತದಲ್ಲ? ಕಾರಿನದನ್ನು ಓದಿದೆ: 5.90–15. ಹರಿದದ್ದು 6.00–16. ಒಳಗಿನ ಚಕ್ರದಲ್ಲಿ ಒಂದು ಇಂಚಿನ ವ್ಯತ್ಯಾಸ. ಕಣ್ಣಳತೆಗೆ ಅದು ಸಿಗುವುದಿಲ್ಲ.

ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ಬಂತು. ಓಡಿಸುತ್ತಿದ್ದ ರೈತನ ಹೆಸರು ಅಮರೇಶ; ನಿಲ್ಲಿಸಿ ನಮ್ಮ ಸ್ಟೆಪ್ನಿಯ ಕಥೆ ಕೇಳಿದ. ಟ್ರಾಲಿಯಲ್ಲಿ ಗೊಬ್ಬರದ ಚೀಲಗಳ ಮೇಲೆ ಟ್ರ್ಯಾಕ್ಟರಿನ ಮುಂದಿನ ಗಾಲಿಗೆಂದು ಕೊಂಡ ಹೊಸ ಟೈರು.

ಚಷ್ಮಾ ಹಾಕಿಕೊಂಡು ಬಾಗಿದೆ. ಮಲ್ಲಯ್ಯ ನಕ್ಕ. “ಅದು ಟ್ರ್ಯಾಕ್ಟರಿಂದ್ರೀ. ಎಮ್ಮಿ ಕೊಂಬು ಆಕಳಿಗೆ ಕೂಡ್ತಾವೇನು?”

6.00–16. ಹರಿದ ಟೈರಿನ ಬಳಿ ಹೋಗಿ ಓದಿದೆ. ಮತ್ತೆ ಬಂದು ಓದಿದೆ. ಅದೇ ಅಂಕಿ. ದೇವದುರ್ಗದ ತನಕ ಇದನ್ನು ಕೊಡ್ತೀಯೇನಪ್ಪಾ ಎಂದು ಕೇಳಿದೆ.

“ಹೊಸಾದರೀ ಯವ್ವಾ, ಇನ್ನೂ ಮಣ್ಣ ಮುಟ್ಟಿಲ್ಲ,” ಎಂದ ಅಮರೇಶ. ಆಮೇಲೆ ಪೆಟ್ಟಿಗೆ ನೋಡಿದ. “ಒಳಗೇನದ?”

“ಕೂಸುಗಳ ದಡಾರದ ಔಷಧ. ಐಸ್ ಕರಗಾಕತ್ತದ.”

ಟೈರು ಧೊಪ್ಪನೆ ಕೆಳಗೆ ಬಿತ್ತು. “ಒಯ್ರಿ. ಆದ್ರ ಈ ಡ್ರೈವರ್ ಕೈಯಾಗ ವಾಪಸ್ ಕಳಸಬ್ಯಾಡ್ರಿ. ಎತ್ತಿನ ಗಾಡಿ ಗಾಲಿ ತಂದು ಇದ ನಿಂದು ಅಂತಾನ.”

ಮಲ್ಲಯ್ಯ ಸರಳು ಹಾಕಿ ಹರಿದ ಟೈರು ಕಿತ್ತ, ಟ್ಯೂಬಿಗೆ ತೇಪೆ ಹಚ್ಚಿದ, ನಮ್ಮ ಚಕ್ರಕ್ಕೆ ಹೊಸ ಟೈರು ಏರಿಸಿದ. ಅಂಚು ಸರಿಯಾಗಿ ಕೂತುಬಿಟ್ಟಿತು! ಮೂವರೂ ಸರದಿಯ ಮೇಲೆ ಗಾಳಿ ಹೊಡೆದೆವು. (ಹೌದು, ನಾನೂ.) ಹೊಲದ ಟೈರು, ಜೋರು ಓಡಿಸಬೇಡ ಎಂದೆ. ಮೊದಲ ಬಾರಿಗೆ ಮಲ್ಲಯ್ಯ ಮಾತು ಕೇಳಿದ.

ಮದುವೆಗೆ ಹುಡುಗ ಹುಡುಗಿಯ ಗುಣಗಳನ್ನು ಒಂದೊಂದಾಗಿ ಕೂಡಿಸಿ ನೋಡುವ ಜನ ನಾವು. ಜೀವ ಹೊತ್ತು ತಿರುಗುವ ಗಾಲಿಯ ಎರಡು ಅಂಕಿ ಓದಲು ನಮಗೆ ಪುರಸೊತ್ತಿಲ್ಲ.

ದೇವದುರ್ಗದಲ್ಲಿ ಪೆಟ್ಟಿಗೆ ತೆರೆದಾಗ ಐಸ್ ತುಂಡುಗಳು ಇನ್ನೂ ಸದ್ದು ಮಾಡುತ್ತಿದ್ದವು. ತಾಯಂದಿರ ಸಾಲು ಅಲ್ಲಾಡಿರಲಿಲ್ಲ. ಮೊದಲ ಸೂಜಿಗೆ ಒಂದು ಕೂಸು ಚೀರಿತು, ಆಮೇಲೆ ಇನ್ನೊಂದು, ಆಮೇಲೆ ಇಡೀ ಅಂಗಳ.

ಗೆದ್ದ ಸದ್ದು ಇದಕ್ಕಿಂತ ಜೋರಾಗಿ ಇರುತ್ತದೆಯೇ?