ಬರಲಿಲ್ಲ, ನೋಡಲಿಲ್ಲ

ಮಂಗಳವಾರ, ಜೂನ್ ಹನ್ನೊಂದು, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ಕೃಷ್ಣಮೂರ್ತಿಪುರಂನ ನಮ್ಮ ಮನೆಯ ಜಗಲಿ. ಹಾಜರಿದ್ದವರು ಇಬ್ಬರು: ನಾನು, ಮತ್ತು ಆರಕ್ಕೆ ಬರುತ್ತೇನೆಂದು ಹೇಳಿ ಹತ್ತು ನಿಮಿಷ ತಡ ಮಾಡಿದ ಹುಡುಗಿ.

ಹುಡುಗಿ ಎಂದರೆ ಮೂವತ್ತರ ಹತ್ತಿರದವಳು. ನಾನು ಆಸ್ಪತ್ರೆಯಲ್ಲಿ ವಾರ್ಡ್ ಸಿಸ್ಟರ್ ಆಗಿದ್ದಾಗ ಅವಳ ತಾಯಿ ನನ್ನ ವಾರ್ಡಿನ ಆಯಾ. ಮನೆ ಉದಯಗಿರಿಯಲ್ಲಿ. ಕಂಪ್ಯೂಟರ್ ಎಂ.ಎಸ್ಸಿ. ಮುಗಿಸಿ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಕಾಲೇಜಿನವರು ಅವಳನ್ನು ನಿಜವಾಗಿಯೂ ಅತಿಥಿಯಂತೆಯೇ ನೋಡಿಕೊಳ್ಳುತ್ತಿದ್ದರು. ಪರೀಕ್ಷೆ ಮುಗಿದ ಕೂಡಲೇ ಹೊರಡಿ ಎನ್ನುತ್ತಿದ್ದರು.

ಈಗ ಅವಳಿಗೆ ಒಂದು ದಾರಿ ಕಂಡಿತ್ತು. ವಿಶ್ವವಿದ್ಯಾಲಯವೊಂದರ ಕಂಪ್ಯೂಟರ್ ವಿಭಾಗದಲ್ಲಿ ಒಂದೇ ಒಂದು ಪಿಎಚ್.ಡಿ. ಸೀಟು, ನಾಲ್ಕು ವರ್ಷ ಫೆಲೋಶಿಪ್. ನಗರದ ನಲ್ಲಿಗಳಿಗೆ ನೀರು ಯಾವಾಗ ಬರುತ್ತದೆ ಎಂಬುದನ್ನು ಕಂಪ್ಯೂಟರಿನಿಂದ ಮೊದಲೇ ಹೇಳಿಸುವುದು ಸಂಶೋಧನೆಯ ವಿಷಯ. ನಮ್ಮ ಬೀದಿಗೆ ನೀರು ಬಿಡುವವನಿಗೆ ಫೋನ್ ಮಾಡಿದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ. ಆದರೆ ಅವನಿಗೆ ಫೋನ್ ಮಾಡಿದ್ದಕ್ಕೆ ಯಾರೂ ಡಾಕ್ಟರೇಟ್ ಕೊಡುವುದಿಲ್ಲ.

ಅಭ್ಯರ್ಥಿ ತನ್ನದೇ ಡೇಟಾ ತರಬೇಕೆಂದು ನಿಯಮ. ಅವಳ ಡೇಟಾ ನಾನು. ನಿವೃತ್ತಿಯಾದಂದಿನಿಂದ ನಲ್ಲಿಯಲ್ಲಿ ನೀರು ಬಂದ ಗಂಟೆ, ನಿಂತ ಗಂಟೆಯನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಒಂಬತ್ತು ತುಂಬಿ ಹತ್ತನೆಯದು ನಡೆಯುತ್ತಿದೆ. ಜ್ವರ, ನಾಡಿ ಬರೆದು ಬರೆದು ಪಳಗಿದ ಕೈ ನಿವೃತ್ತಿಯ ಆದೇಶ ನೋಡಿ ಸುಮ್ಮನಾಗುವುದಿಲ್ಲ. ನನ್ನ ಪುಸ್ತಕದಲ್ಲಿ ಗಂಟೆ ಇಲ್ಲದ ದಿನಗಳೂ ಇವೆ, ಎರಡು ಬಗೆಯವು. ನಲ್ಲಿಯ ಮುಂದೆ ಕಾದಿದ್ದೂ ನೀರು ಬಾರದಿದ್ದರೆ ‘ಬರಲಿಲ್ಲ’ ಎಂದು ಬರೆಯುತ್ತೇನೆ. ನಾನೇ ಮನೆಯಲ್ಲಿ ಇಲ್ಲದಿದ್ದರೆ ‘ನೋಡಲಿಲ್ಲ’. ಹುಡುಗಿ ಎರಡು ತಿಂಗಳು ಕುಳಿತು ಇದನ್ನೆಲ್ಲ ಕಂಪ್ಯೂಟರಿಗೆ ಹಾಕಿದ್ದಳು. ಆ ಮಂಗಳವಾರ ಹನ್ನೊಂದು ಗಂಟೆಗೆ ಸಂದರ್ಶನ.

“ಸಿಸ್ಟರಮ್ಮ, ಒಂದು ಸೈನ್ ಬೇಕಾಗಿತ್ತು” ಎಂದು ಕಾಗದ ಕೊಟ್ಟಳು.

ಎರಡು ಸಲ ಓದಿದೆ. ಒಂದು ದಿನವೂ ಬಿಡದೆ ಪ್ರತಿದಿನದ ಗಂಟೆಯನ್ನೂ ನಾನು ಕಣ್ಣಾರೆ ನೋಡಿ ಬರೆದಿದ್ದೇನೆ ಎಂದು ಅದರಲ್ಲಿತ್ತು.

“ಇದನ್ನ ಬರೆದೋರು ಯಾರು?”

“ನಮ್ಮ ಸಾರು. ಆ ಸೀಟಿಗೆ ಗೈಡು ಅವರೇಯ. ಹೋದ ವಾರ ತೋರಿಸ್ದೆ. ಎಲ್ಲ ಚೆನ್ನಾಗೈತೆ, ಮಧ್ಯೆ ಮಧ್ಯೆ ತೂತು ಬಿದ್ದದೆ, ಅಲ್ಲೆಲ್ಲ ಸರಾಸರಿ ಗಂಟೆ ಹಾಕ್ಬುಡು ಅಂದ್ರು.”

“ಬರಲಿಲ್ಲ ಅಂತ ಇರೋ ಕಡೆಗೂ?”

“ಊಂ. ಎಲ್ಲಾದ್ಕೂ ಮಧ್ಯಾಹ್ನ ನಾಕು ಗಂಟೆ ಐದು ನಿಮಿಷ.”

ಎರಡು ಬೇಸಿಗೆಗಳ ಹಿಂದೆ ಇದೇ ಬೀದಿಯಲ್ಲಿ ಒಂಬತ್ತು ದಿನ ಟ್ಯಾಂಕರಿಗೆ ಕೊಡ ಹಿಡಿದು ನಿಂತಿದ್ದೆವು. ಆ ಒಂಬತ್ತು ದಿನವೂ ಕಂಪ್ಯೂಟರಿನಲ್ಲಿ ನಾಲ್ಕು ಗಂಟೆ ಐದು ನಿಮಿಷಕ್ಕೆ ತಪ್ಪದೆ ನೀರು ಬಂದಿತ್ತು. ನಾನು ಕಾಶಿಗೆ ಹೋಗಿದ್ದ ಹದಿನಾಲ್ಕು ದಿನ, ಬೀಗ ಹಾಕಿದ ಮನೆಯೊಳಗೆ ನಿಂತು ನಾನೇ ಅದನ್ನು ಕಣ್ಣಾರೆ ನೋಡಿದ್ದೆ. ಗಂಗೆಯಲ್ಲಿ ಮುಳುಗಿದ್ದವಳು ಯಾರೋ ಗೊತ್ತಿಲ್ಲ.

“ತುಂಬ್ಸೋದು ತಪ್ಪಲ್ಲ ಸಿಸ್ಟರಮ್ಮ, ನಮ್ಮಲ್ಲಿ ಎಲ್ರೂ ತುಂಬ್ತಾರೆ” ಎಂದಳು ಹುಡುಗಿ. “ಆದ್ರೆ ಇದು ತುಂಬಿದ್ದು ಅಂತ ಗುರುತು ಹಾಕ್ಬೇಕು. ಸಾರು ಗುರುತು ಬ್ಯಾಡ ಅಂತಾರೆ, ಕಮಿಟಿಯೋರು ಕೆದಕ್ತಾರಂತೆ.”

“ನೀನೇನಂದೆ?”

“ನಾನೇನನ್ನಲಿ? ಮುಂದಿನ ವರ್ಷ ನನಗೆ ವಯಸ್ಸು ಮೀರ್ತದೆ. ಇದು ಹೋದ್ರೆ ಹೋಯ್ತು.”

ಆಗ ಅವಳಿಗೆ ನಂಜನಗೂಡಿನ ಕತೆ ಹೇಳಿದೆ. ನಾನು ಕಲಿಯುತ್ತಿದ್ದ ಕಾಲದ್ದು. ಮಧ್ಯಾಹ್ನ ಎರಡು ಗಂಟೆಗೆ ಎಲ್ಲ ಹಾಸಿಗೆಗಳ ಜ್ವರ ನೋಡಬೇಕು. ನಾನು ಆರು ಹಾಸಿಗೆ ನೋಡಿ, ಊಟಕ್ಕೆ ಹೊತ್ತಾಯಿತೆಂದು ಉಳಿದವರಿಗೆಲ್ಲ ಸರಿಯಾಗಿದೆ ಎಂದು ಕುಳಿತಲ್ಲೇ ಬರೆದೆ. ಹದಿನಾಲ್ಕನೆಯ ಹಾಸಿಗೆಯವನು ಹನ್ನೆರಡಕ್ಕೇ ಡಿಸ್‌ಚಾರ್ಜ್ ಆಗಿ ತನ್ನ ಊರು ನಂಜನಗೂಡಿಗೆ ಹೋಗಿದ್ದ. ಮೇಟ್ರನ್ ಬೈಯಲಿಲ್ಲ. ಥರ್ಮಾಮೀಟರ್ ಕೈಗಿತ್ತು, “ಬರೆದಿದ್ದೀಯಲ್ಲ, ಹೋಗಿ ನೋಡ್ಕೊಂಡು ಬಾ” ಎಂದರು. ಬಸ್ಸು ಹತ್ತಿ ಅಲ್ಲಿಗೆ ಹೋಗಿ, ಮನೆ ಹುಡುಕಿ ನೋಡಿದರೆ ಅವನಿಗೆ ನೂರೆರಡು ಡಿಗ್ರಿ ಜ್ವರ. ಅದೇ ಸಂಜೆ ಅವನನ್ನು ವಾಪಸು ಕರೆತಂದು ಅದೇ ಹಾಸಿಗೆಯಲ್ಲಿ ಮಲಗಿಸಿದೆವು.

“ಬದುಕಿದ್ನಾ?”

“ಬದುಕಿದ. ಆಮೇಲೆ ಎಲ್ಲಿ ಕಂಡರೂ ‘ನೋಡ್ತೀಯೇನಮ್ಮ’ ಅಂತ ಬಾಯಿ ತೆಗೆದು ತೋರಿಸೋನು.”

ಅವಳು ನಕ್ಕಳು, ಆದರೆ ಕಾಗದ ವಾಪಸು ತೆಗೆದುಕೊಳ್ಳಲಿಲ್ಲ. ಕೊನೆಗೆ ನಾನೇ ಹೇಳಿದೆ: “ಇದಕ್ಕೆ ಸೈನ್ ಹಾಕೋದಿಲ್ಲ ಕಣೆ. ಬೇಕಾದ್ರೆ ನಾನೇ ಬರ್ತೀನಿ, ನೋಟ್‌ಬುಕ್ ಸಮೇತ.”

ನನ್ನ ಕೈಯಿಂದ ಕಾಗದ ತೆಗೆದುಕೊಂಡು ಮಡಿಸಿದಳು. “ಬನ್ನಿ. ಚೀಲ ನಾನು ಹೊರ್ತೀನಿ.”

ಹತ್ತೂ ಮುಕ್ಕಾಲಿಗೆ ವಿಭಾಗದಲ್ಲಿದ್ದೆವು. ಹನ್ನೊಂದು ಗಂಟೆಯ ಸಂದರ್ಶನ ಆರಂಭವಾದದ್ದು ಎರಡೂವರೆಗೆ. ಇಡೀ ನಗರದ ನೀರಿನ ವೇಳೆಯನ್ನು ಮುಂಚಿತವಾಗಿ ಹೇಳಲು ಹೊರಟವರ ಗೋಡೆ ಗಡಿಯಾರ ಎಂಟು ಇಪ್ಪತ್ತಕ್ಕೆ ನಿಂತಿತ್ತು. ಅದನ್ನು ನೋಡಿದವರು ಯಾರೂ ಇದ್ದಂತಿರಲಿಲ್ಲ.

ಗೈಡು ಮಹಾಶಯರು ಊಟ ಮುಗಿಸಿ ಬಂದರು. “ಲೆಟರ್ ತಂದ್ಯೇನಮ್ಮ?”

“ಲೆಟರ್ ಇಲ್ಲ ಸಾರ್. ಸಿಸ್ಟರಮ್ಮನ್ನೇ ಕರ್ಕೊಂಡು ಬಂದಿದೀನಿ.”

ಅವರು ನನ್ನನ್ನು ನೋಡಿ ಕೈಮುಗಿದರು. “ಅಮ್ಮಾ, ತಾವು ತಪ್ಪು ತಿಳೀಬಾರದು. ಅಷ್ಟೊಂದು ದಿನ ಖಾಲಿ ಬಿಟ್ರೆ ನಮ್ಮ ಮಾಡೆಲ್ ಕೆಟ್ಟುಹೋಗುತ್ತೆ.”

“ನೀರು ಬರದೆ ಇದ್ದಾಗ ನಮಗೂ ಹಾಗೇ ಆಗಿತ್ತು ಸಾರ್.”

ಅವರು ಬೇಗ ಬೇಗ ಒಳಗೆ ಹೋದರು. ಹುಡುಗಿಯ ಸರದಿ ಬಂತು. ಒಳಗೆ ಫ್ಯಾನ್ ತಿರುಗುತ್ತಿರಲಿಲ್ಲವಾದ್ದರಿಂದ ಬಾಗಿಲು ತೆರೆದೇ ಇತ್ತು. ಹೊರಗಿನ ಬೆಂಚಿನಲ್ಲಿ ಕುಳಿತ ನನಗೆ ಎಲ್ಲ ಕೇಳಿಸುತ್ತಿತ್ತು. ಬೇರೆ ಊರಿನಿಂದ ಬಂದ, ಸಂಖ್ಯಾಶಾಸ್ತ್ರ ಕಲಿಸುವ ಹೆಂಗಸೊಬ್ಬರು ಕೇಳಿದರು: “ಇಷ್ಟು ವರ್ಷದ ಡೇಟಾದಲ್ಲಿ ಒಂದು ದಿನವೂ ತಪ್ಪಿಲ್ಲವೇ?”

ಉತ್ತರ ಬರಲು ತಡವಾಯಿತು. ನಾನು ಅಭ್ಯಾಸಬಲದಿಂದ ಕೈಗಡಿಯಾರ ನೋಡಿಕೊಂಡೆ. ಹನ್ನೆರಡು ಸೆಕೆಂಡು.

“ತಪ್ಪಿದೆ ಮೇಡಂ. ಬರಲಿಲ್ಲ ಅಂತ ನಲವತ್ತಾರು ದಿನ, ನೋಡಲಿಲ್ಲ ಅಂತ ಮೂವತ್ತೊಂದು ದಿನ. ಎರಡೂ ಒಂದೇ ಅಲ್ಲ. ನೋಡದೇ ಇರೋದನ್ನ ಗುರುತು ಹಾಕಿ ಅಂದಾಜಿನಿಂದ ತುಂಬ್ತೀನಿ. ಬರದೇ ಇರೋದನ್ನ ಮುಟ್ಟಲ್ಲ. ಜನಕ್ಕೆ ಮೊದಲೇ ಗೊತ್ತಾಗಬೇಕಾದ್ದೇ ಅದು.”

ಆಮೇಲೆ ಗೈಡಿನ ದನಿ, ಬಹಳ ಸಮಾಧಾನದ್ದು: “ಕರೆಕ್ಟ್. ನಮ್ಮ ಪ್ರಾಜೆಕ್ಟಿನ ಹೊಸತನವೇ ಇದು ಮೇಡಂ. ನಾನು ಮೊದಲಿಂದ ಇವಳಿಗೆ ಹೇಳ್ತಾನೇ ಬಂದಿದೀನಿ.”

ತಾನಾಗಿ ಇಳಿದ ಜ್ವರವನ್ನು ತಾವು ಇಳಿಸಿದೆವೆಂದ ಡಾಕ್ಟರುಗಳನ್ನು ಸಾಕಷ್ಟು ನೋಡಿದ್ದೇನೆ. ಆದರೆ ಬೆಳಿಗ್ಗೆ ಜ್ವರ ಬರಿಸಲು ಕಾಗದ ಕಳಿಸಿ, ಮಧ್ಯಾಹ್ನ ಇಳಿಸಿದ್ದು ನಾನೇ ಎಂದವರನ್ನು ನೋಡಿರಲಿಲ್ಲ.

ನಾಲ್ಕೂ ಮುಕ್ಕಾಲಿಗೆ ನೋಟಿಸ್ ಬೋರ್ಡಿನಲ್ಲಿ ಒಂದು ಹೆಸರು ಅಂಟಿಸಿದರು. ಹುಡುಗಿ ಹತ್ತಿರ ಹೋಗಿ ಓದಿದಳು, ದೂರ ಬಂದು ಓದಿದಳು, ಮತ್ತೆ ಹತ್ತಿರ ಹೋದಳು. ಅವಳದೇ ಹೆಸರು. ಅದರ ಕೆಳಗೆ ಗೈಡಿನ ಹೆಸರು, ಅವಳದಕ್ಕಿಂತ ದಪ್ಪ ಅಕ್ಷರದಲ್ಲಿ.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, “ನಾಕು ವರ್ಷ ಇವರ ಕೈಕೆಳಗೆ ಹೆಂಗಿರಲಿ ಸಿಸ್ಟರಮ್ಮ” ಎಂದಳು.

“ಚಾರ್ಟ್ ಇಟ್ಕೋ. ಅವರು ಏನು ಹೇಳಿದ್ರು, ಎಷ್ಟು ಗಂಟೆಗೆ ಹೇಳಿದ್ರು, ದಿನಾ ಬರಿ.”

ನಾನು ತಮಾಷೆಗೆ ಹೇಳಲಿಲ್ಲ. ಅವಳೂ ನಗಲಿಲ್ಲ; ಬಸ್ಸಿಳಿದು ನಮ್ಮ ಮನೆಗೆ ಬರುವ ದಾರಿಯಲ್ಲೇ ನೂರು ಹಾಳೆಯ ನೋಟ್‌ಬುಕ್ ಕೊಂಡಳು.

ನಾನು ಮನೆ ಸೇರಿದಾಗ ಆರು ಗಂಟೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಮೇಲಿಂದ ಕೂಗಿ ಹೇಳಿದಳು: “ಎಲ್ಲಿ ಹೋಗ್ಬುಟ್ಟಿದ್ರಿ? ನಾಕು ಗಂಟೆಗೇ ನೀರು ಬಂತು ಕಣ್ರೀ, ಒಳ್ಳೆ ಫೋರ್ಸು. ಬರ್ಕೊಳಿ.”

ಕೈಕಾಲು ತೊಳೆದು, ಹತ್ತನೆಯ ನೋಟ್‌ಬುಕ್ ತೆಗೆದು, ಆ ದಿನದ ಸಾಲಿನಲ್ಲಿ ‘ನೋಡಲಿಲ್ಲ’ ಎಂದು ಬರೆದೆ. ಪೆನ್ನಿನ ಮುಚ್ಚಳ ಹಾಕಿದೆ.