ಸ್ವೀಡಿಷ್ ಮಗ್ಗಿ

ಧಾರವಾಡದ ಒಂದು ಕೋಚಿಂಗ್ ಕೇಂದ್ರದಲ್ಲಿ ಸುಜಾತಾ ನರ್ಸುಗಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಹೊರದೇಶದ ಆಸ್ಪತ್ರೆಗಳ ಕಡೆ ಕಣ್ಣಿಟ್ಟ ಹುಡುಗಿಯರು ಸ್ವೀಡಿಷ್ ಕೇಳತೊಡಗಿದಾಗ, ಮಾಲೀಕ ಪ್ರಸಾದ ಬೆಂಗಳೂರಿನಿಂದ ಒಬ್ಬ ಶಿಕ್ಷಕನನ್ನು ಕರೆಸುವ ಮಾತೆತ್ತಿದ. ತಾನೇ ಕಲಿತು ಕಲಿಸುತ್ತೇನೆ ಎಂದಳು ಸುಜಾತಾ. ಆಗ ಅವಳಿಗೆ ಐವತ್ತು ದಾಟಿತ್ತು. ವಿಡಿಯೊ ಪಾಠಗಳಿಂದ ಕಲಿತು, ಕಲಿಸಲು ಬೇಕಾದ ಪರೀಕ್ಷೆಗೆ ಕೂತಳು, ನಪಾಸಾದಳು.

"ಇನ್ನೊಮ್ಮೆ ನೋಡ್ರಿ ಮೇಡಂ," ಎಂದ ಪ್ರಸಾದ. "ಪಾಸಾದ್ರ ಕ್ಲಾಸ್ ನಿಮ್ದ. ಇಲ್ಲಂದ್ರ ಜೂನ್‌ದಾಗ ಬೆಂಗಳೂರಾವ ಬರ್ತಾನ. ಈ ವಯಸ್ಸಿನ್ಯಾಗ ನಾಲಿಗಿ ಹೊಳ್ಳೂದಿಲ್ಲಂತ ನಾ ಮೊದಲs ಹೇಳಿದ್ದೆ."

"ನಾಲಿಗಿ ನಂದರಿ ಸರ್. ಹೊಳ್ಳಸೂದು ನನಗ ಬಿಡ್ರಿ."

ಹಾಗೆಂದು ಬಂದಳೇ ಹೊರತು ಅವಳ ಬಳಿ ಉಪಾಯವೇನೂ ಇರಲಿಲ್ಲ. ಸ್ವೀಡಿಷಿನಲ್ಲಿ ಆ ಕುರ್ಚಿ, ಕುರ್ಚಿಗಳು, ಆ ಕುರ್ಚಿಗಳು ಎಲ್ಲವೂ ಹೆಸರಿನ ಬಾಲದಲ್ಲೇ ತೀರ್ಮಾನವಾಗುತ್ತವೆ. ಬಾಲಕ್ಕೆ ಸೇರಿಸುವುದು ಕನ್ನಡದವರಿಗೆ ಹೊಸದಲ್ಲ. ಆದರೆ ಅಲ್ಲಿ ಹೆಸರುಗಳು ಎರಡು ಪಂಗಡ. ಕೆಲವಕ್ಕೆ ಮುಂದೆ ‘ಎನ್’, ಕೆಲವಕ್ಕೆ ‘ಎತ್’. ಯಾವುದಕ್ಕೆ ಯಾವುದೆಂದು ಮುಖ ನೋಡಿ ಹೇಳಲಾಗದು. ಬಹುವಚನಕ್ಕೆ ಮತ್ತೆ ಐದು ದಾರಿ. ಪರೀಕ್ಷೆಯಲ್ಲಿ ಚಿತ್ರ ತೋರಿಸಿ ಹೆಸರಿನ ಈ ರೂಪಗಳನ್ನು ಕೇಳುತ್ತಿದ್ದರು. ಸುಜಾತಾ ಪ್ರತಿ ಶಬ್ದಕ್ಕೂ ನಿಂತು ಮನಸ್ಸಿನಲ್ಲಿ ನಿಯಮ ಹುಡುಕಿದ್ದಳು. ಅರ್ಧ ಚಿತ್ರಗಳು ಉಳಿದಿರುವಾಗಲೇ ಪರೀಕ್ಷೆಯ ಹೊತ್ತು ಮುಗಿದಿತ್ತು.

ಮಾಳಮಡ್ಡಿಯ ಮನೆಯಲ್ಲಿ ಅವಳ ತಾಯಿ ಮುತ್ತವ್ವ ರೊಟ್ಟಿ ಬಡಿಯುತ್ತ, ಮಗಳು ತಡೆತಡೆದು ಹೇಳುವ ಪಾಠವನ್ನು ಕೇಳಿಸಿಕೊಳ್ಳುತ್ತಿದ್ದಳು.

"ಒಂದು ಹೇಳ್ತಿ, ನಿಂದರ್ತಿ, ಮತ್ತ ವಿಚಾರ ಮಾಡ್ತಿ. ನಿಮ್ಮಪ್ಪ ಇದ್ದಿದ್ರ ಕಿವಿ ಹಿಂಡ್ತಿದ್ದ."

"ಮಗ್ಗಿ ಅಲ್ಲಬೇ ಅವ್ವಾ ಇದು. ಇದಕ್ಕ ನಿಯಮ ಅದಾವ."

"ಮಗ್ಗಿಗೂ ಅದಾವ. ಏಳೆಂಟ್ಲೆ ಎಷ್ಟಂದ್ರ ಬಟ್ಟ ಎಣಸ್ಕೋತ ಕುಂದರ್ತಿ ಏನು?"

ಸುಜಾತಾ ಪುಸ್ತಕ ಮುಚ್ಚಿದಳು. ಅವಳ ತಂದೆ ಗೋವಿಂದಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಸಂಜೆ ಓಣಿಯ ಮಕ್ಕಳನ್ನು ಕಟ್ಟೆಯ ಮೇಲೆ ಕೂಡಿಸಿ ಮಗ್ಗಿ ಹೇಳಿಸುತ್ತಿದ್ದರು. ಅವರದು ಒಂದೇ ಕಟ್ಟಳೆ: ತಡವರಿಸಿದವರು ಮೊದಲಿಂದ ಹೇಳಬೇಕು. ಅಳುವುದಕ್ಕೆ ರಿಯಾಯಿತಿ ಇರಲಿಲ್ಲ.

ಅಂದಿನಿಂದ ಮನೆಯಲ್ಲಿ ಮತ್ತೆ ಮಗ್ಗಿ ಶುರುವಾಯಿತು, ಮೊದಲು ಕುರ್ಚಿಯದು. "ಎನ್ ಸ್ತೂಲ್, ಸ್ತೂಲೆನ್, ಸ್ತೂಲಾರ್, ಸ್ತೂಲಾರ್ನಾ." ರೊಟ್ಟಿ ಬಡಿಯುವ ಸಪ್ಪಳವೇ ತಾಳ. ಮುತ್ತವ್ವನಿಗೆ ಅರ್ಥ ಬೇಕಿರಲಿಲ್ಲ. ಓಟ ಮುರಿದರೆ ಸಾಕು, "ಮೊದಲಿಂದ" ಎನ್ನುತ್ತಿದ್ದಳು.

"ಎತ್ ಬೂಡ್, ಬೂಡೆತ್, ಬೂಡ್..."

"ಹೇಳಿದ್ದs ಹೇಳಿದಿ. ಮೊದಲಿಂದ."

"ಅದು ಹಾಂಗs ಐತಿ. ಒಂದು ಮೇಜೂ ಬೂಡ್, ಹತ್ತು ಮೇಜೂ ಬೂಡ್."

"ಖರೇ? ಭಾಳ ಜಿಪುಣ ಮಂದಿ ಬಿಡು."

ಎರಡನೆಯ ಪರೀಕ್ಷೆಗೆ ಕಂಪ್ಯೂಟರಿನ ಪರದೆಯ ಮೇಲೆ ಬಂದವರು ಬಿಳಿಗೂದಲಿನ ಹೆಂಗಸು. ಆ ಭಾಷೆಯಲ್ಲಿ ಹಿರಿಯರಿಗೂ ಏಕವಚನವೇ. ಸುಜಾತಾಳ ಬಾಯಿ ಒಪ್ಪಲಿಲ್ಲ. ‘ತಾಕ್’ ಎಂದು ಧನ್ಯವಾದ ಹೇಳಬೇಕಾದಲ್ಲಿ "ತಾಕ್ ರೀ" ಎಂದಳು. ಪರೀಕ್ಷಕಿ ಅದನ್ನು ಹಾಗೇ ಬಿಟ್ಟರು.

ಕುರ್ಚಿ, ಮೇಜು, ಪುಸ್ತಕ ಸರಾಗವಾಗಿ ದಾಟಿದವು. ಸೇಬುಗಳ ಚಿತ್ರ ಬಂದಾಗ "ಎಪ್ಲಾರ್" ಎಂದುಬಿಟ್ಟಳು. ತಪ್ಪು. ಅಡುಗೆಮನೆಯಿಂದ ಯಾರೂ ‘ಮೊದಲಿಂದ’ ಎಂದು ಕೂಗಲಿಲ್ಲ, ಆದರೂ ಅವಳ ಬೆನ್ನು ನೆಟ್ಟಗಾಯಿತು. ಕಟ್ಟೆಯ ಮೇಲೆ ಕೂತವಳಂತೆ ತೂಗಾಡುತ್ತ, ಗಟ್ಟಿ ದನಿಯಲ್ಲಿ ಮೊದಲಿಂದ ಹೇಳಿದಳು: "ಎತ್ ಎಪ್ಲೆ, ಎಪ್ಲೆತ್, ಎಪ್ಲೆನ್, ಎಪ್ಲೆನಾ." ಹೇಳಿಯಾದ ಮೇಲೆ ತಾನೆಲ್ಲಿದ್ದೇನೆಂಬುದು ನೆನಪಾಯಿತು. ಕ್ಲಾಸು ಕೈತಪ್ಪಿತು ಎಂದುಕೊಂಡಳು.

ಪರೀಕ್ಷಕಿ ಪೆನ್ನು ಕೆಳಗಿಟ್ಟು, ಹೀಗೆ ಕಲಿಸಿದವರು ಯಾರೆಂದು ಸ್ವೀಡಿಷಿನಲ್ಲಿ ಕೇಳಿದರು.

ನನ್ನ ತಂದೆ, ಎಂದಳು ಸುಜಾತಾ.

ಅವರಿಗೆ ಸ್ವೀಡಿಷ್ ಬರುತ್ತಿತ್ತೇ?

ಇಲ್ಲ. ಲೆಕ್ಕ ಬರುತ್ತಿತ್ತು.

"ಮುಂದಿನದು," ಎಂದರು ಪರೀಕ್ಷಕಿ. ಸುಜಾತಾ ಮತ್ತೆಲ್ಲೂ ನಿಲ್ಲಲಿಲ್ಲ. ಈ ಸಲ ಚಿತ್ರಗಳೇ ಮುಗಿದವು, ಹೊತ್ತು ಉಳಿಯಿತು.

ಫಲಿತಾಂಶ ಬಂದ ದಿನ ಅವಳು ಪ್ರಸಾದನಿಗೆ ಒಂದೇ ಮಾತು ಹೇಳಿದಳು. "ಬೆಂಗಳೂರಾವಗ ಬರಬ್ಯಾಡ ಅಂತ ಫೋನ್ ಮಾಡ್ರಿ."

ಜೂನ್‌ನಲ್ಲಿ ತರಗತಿ ಶುರುವಾಯಿತು. ಕೋಣೆ ತುಂಬ ಕೂತ ಹುಡುಗಿಯರು ಒಕ್ಕೊರಲಿನಿಂದ ಹೇಳುವ ಅಬ್ಬರಕ್ಕೆ ಪಕ್ಕದಲ್ಲಿ ಬ್ಯಾಂಕ್ ಪರೀಕ್ಷೆಗೆ ಕಲಿಸುವವರು ದೂರು ಕೊಟ್ಟರು. ಪ್ರಸಾದ ಬಾಗಿಲಿಗೆ ಬಂದು ನಿಂತ.

"ಮೇಡಂ, ಸ್ವಲ್ಪ ಸಾವಕಾಶ ಹೇಳಸ್ರಿ. ಬಾಜೂದವ್ರಿಗೆ ತ್ರಾಸ ಆಗಾಕತ್ತೈತಿ."

"ಬಾಗಲಾ ಹಾಕ್ಕೊಳ್ಳಾಕ ಹೇಳ್ರಿ ಅವ್ರಿಗೆ. ನೀವು ಬಂದ್ರಿ, ಛಲೋ ಆತು. ಸ್ತೂಲ್ ಹೇಳ್ರಿ ಸರ್."

ತಿಂಗಳಿಡೀ ಗೋಡೆಯಾಚೆಯಿಂದ ಕೇಳಿದ್ದ ಪ್ರಸಾದ ಧೈರ್ಯದಿಂದಲೇ ಶುರುಮಾಡಿದ. "ಎನ್ ಸ್ತೂಲ್, ಸ್ತೂಲೆನ್..." ಮೂರನೆಯದಕ್ಕೆ ತಡವರಿಸಿ ಸುಜಾತಾಳ ಮುಖ ನೋಡಿದ. ಅವಳು ಹುಡುಗಿಯರ ಕಡೆ ತಿರುಗಿದಳು.

"ಮೊದಲಿಂದ ರೀ ಸರ್," ಎಂದರು ಹುಡುಗಿಯರೆಲ್ಲ.