ತಿಪ್ಪೇಶಣ್ಣನ ಹೇರಳೆಶಾಸ್ತ್ರ

ಹೊಸದಾಗಿ ಬಂದ ವಿಭಾಗದ ಮುಖ್ಯಸ್ಥರಿಗೆ ಎಲ್ಲರೂ ಸಾಲಾಗಿ ಹೋಗಿ ಕೈಗೊಂದು ನಿಂಬೆಹಣ್ಣು ಕೊಟ್ಟು ನಮಸ್ಕಾರ ಹೇಳಿ ಬರುತ್ತಿದ್ದರೆ, ತಿಪ್ಪೇಶಣ್ಣ ಮಾತ್ರ ಅವರ ಕೈಯಲ್ಲಿದ್ದ ನಿಂಬೆಹಣ್ಣನ್ನೇ ವಾಪಸ್ ತೆಗೆದುಕೊಂಡರು. ಒಂದು ಹೊಳ್ಳೆ ಮುಚ್ಚಿ ಮೂಸಿದರು. ಇನ್ನೊಂದು ಹೊಳ್ಳೆ ಮುಚ್ಚಿ ಮತ್ತೆ ಮೂಸಿದರು. ಆಮೇಲೆ ಸಾವಿನ ಸುದ್ದಿ ಹೇಳುವವರ ದನಿಯಲ್ಲಿ ಹೇಳಿದರು: “ಕ್ಷಮಿಸ್ಬೇಕು ಸಾರ್. ಇದು ಹಣ್ಣಲ್ಲ, ಕಾಯಿ. ನಿಮ್ಗೆ ಯಾರೋ ಮೋಸ ಮಾಡಿದಾರೆ.”

ಮೋಸ ಮಾಡಿದ್ದು ನಾನೇ. ಆಗ ನಾನು ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡುತ್ತಿದ್ದೆ. ಆ ನಿಂಬೆಯನ್ನು ಶಿವಮೊಗ್ಗದ ಕೋಟೆ ಹತ್ತಿರ, ಬಸ್ಸು ತಪ್ಪುತ್ತದೆಂಬ ಗಡಿಬಿಡಿಯಲ್ಲಿ, ಕಣ್ಣುಮುಚ್ಚಿ ಕೊಂಡು ತಂದಿದ್ದೆ. ನಾನು ತಲೆ ತಗ್ಗಿಸಿ ನಿಂತಿದ್ದೆ. ಮುಖ್ಯಸ್ಥರು ಮಾತ್ರ ಪಾಪ, ಖಾಲಿ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಹಾಗೇ ಚಾಚಿಕೊಂಡೇ ಇದ್ದರು.

ತಿಪ್ಪೇಶಣ್ಣ ನಮ್ಮ ಲ್ಯಾಬಿನ ಅಟೆಂಡರ್. ಚೀಟಿ ಕಿತ್ತುಹೋದ ಬಾಟಲಿಗಳನ್ನು ದೂರದಿಂದಲೇ ಕೈಯಲ್ಲಿ ಗಾಳಿ ಬೀಸಿಕೊಂಡು ಮೂಸಿ, ಒಳಗೇನಿದೆ ಎಂದು ಹೇಳುವ ಮೂಗು. “ಹೆಸರಲ್ಲಿ ತಿಪ್ಪೆ ಇಟ್ಟ ದೇವ್ರು, ಪಾಪ ಅನ್ನಿಸಿ ಮೂಗು ಒಳ್ಳೇದು ಕೊಟ್ಟ ನೋಡಮ್ಮ” ಎಂದು ಅವರೇ ನಗುತ್ತಿದ್ದರು. ಆ ಮೂಗಿಗೆ ಒಂದೇ ಒಂದು ಕೊರಗು. ಕನ್ನಡದವರು ಹುಳಿಹಣ್ಣಿನ ಜಾತಿಗೆ ಅನ್ಯಾಯ ಮಾಡಿದ್ದಾರೆ ಅನ್ನುವುದು. ಹಸಿರಾಗಿರುವಾಗಲೇ ಕಿತ್ತ ನಿಂಬೆಯನ್ನು ನಾವು ಹಣ್ಣು ಎನ್ನುತ್ತೇವೆ. ಹೇರಳೆ ಹಳದಿ ತಿರುಗಿ ತಾನಾಗೇ ಉದುರಿದರೂ ಅದು ಸಾಯುವ ತನಕ ಹೇರಳೆಕಾಯಿಯೇ.

“ಕಾಯಿ ಅಂತ ಹೆಸರಿಟ್ಮೇಲೆ ಮುಗೀತು ಕಣಮ್ಮ. ಚಿತ್ರಾನ್ನಕ್ಕೆ, ಗೊಜ್ಜಿಗೆ, ಉಪ್ಪಿನಕಾಯಿಗೆ ಅಂತ ಹಸಿರಿರೋವಾಗ್ಲೇ ಕಿತ್ತು ಮುಕ್ಕಿಬಿಡ್ತಾರೆ. ಮನೆ ಹಿತ್ಲಲ್ಲಿ ಮರ ಇದೆ, ನಂಗೆ ಅರವತ್ತಾಯ್ತು. ಒಂದೇ ಒಂದು ಹೇರಳೆ ಮರದಲ್ಲೇ ಹಣ್ಣಾಗಿದ್ದು ನಾನು ಮೂಸಿಲ್ಲ. ಇದೂ ಒಂದು ಬಾಳಾ?”

ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಅವರು ನಗಲಿಲ್ಲ.

ಅವರು ನಿವೃತ್ತರಾದ ವರ್ಷವೇ ನನ್ನ ಪ್ರಾಜೆಕ್ಟ್ ಶುರುವಾಯಿತು. ವಿಷಯ, ಹಣ್ಣಾಗುವಾಗ ಹೇರಳೆ ಸಿಪ್ಪೆಯ ಪರಿಮಳ ಹೇಗೆ ಬದಲಾಗುತ್ತದೆ ಎನ್ನುವುದು. ಒಂದೇ ಮರದ ಕಾಯಿ, ದೋರೆಗಾಯಿ, ಹಣ್ಣು ಮೂರೂ ಬೇಕು. ಮೂರರಲ್ಲಿ ಒಂದು ತಪ್ಪಿದರೂ ಪ್ರಾಜೆಕ್ಟ್ ಇಲ್ಲ ಎಂದು ನನ್ನ ಗೈಡ್ ಕಡ್ಡಿ ಮುರಿದಂತೆ ಹೇಳಿದ್ದರು. ನಾನು ಭದ್ರಾವತಿಯ ಓಲ್ಡ್ ಟೌನಿನಲ್ಲಿದ್ದ ತಿಪ್ಪೇಶಣ್ಣನ ಮನೆಗೆ ಓಡಿದೆ. ವಿಷಯ ಕೇಳಿದ್ದೇ ತಡ, ಅವರು ಹೆಂಡತಿಯನ್ನು ಕರೆದು, “ಗಿರಿಜಾ, ಇವತ್ತಿಂದ ಮರಕ್ಕೆ ಕೈ ಹಾಕ್ಬೇಡ. ಇದು ಯೂನಿವರ್ಸಿಟಿ ಮರ” ಎಂದುಬಿಟ್ಟರು.

“ಹಂಗಾದ್ರೆ ಉಪ್ಪಿನಕಾಯಿನೂ ಯೂನಿವರ್ಸಿಟಿನೇ ಹಾಕ್ಲಿ” ಎಂದರು ಗಿರಿಜಕ್ಕ.

ಕಾಫಿ ಕುಡಿಯುತ್ತಾ ನಾನು ಅವರಿಗೆ ಪಾಠ ಮಾಡಲು ಹೋದೆ. ಸಿಪ್ಪೆಯ ಎಣ್ಣೆಯಲ್ಲಿ ಲಿಮೊನೀನ್ ಅನ್ನುವುದೇ ಬಹುಪಾಲು, ಆದರೆ ಪರಿಮಳದ ಗುಣ ಬರುವುದು ಚೂರುಪಾರು ಇರುವ ಉಳಿದವುಗಳಿಂದ ಎಂದೆ. ಅವರು ಕೈ ಅಡ್ಡ ಹಿಡಿದರು. “ಗೊತ್ತು ಬಿಡು ಮಾರಾಯ್ತಿ. ಲಿಮೊನೀನ್ ಮದ್ವೆ ಮನೆ ಯಜಮಾನ ಇದ್ದಂಗೆ. ಎಲ್ಲಾ ಕಡೆ ಇರ್ತಾನೆ, ಯಾರೂ ಕ್ಯಾರೆ ಅನ್ನಲ್ಲ. ಗಲಾಟೆ ಎಬ್ಸೋದೆಲ್ಲ ಮೂರ್ನಾಲ್ಕು ಜನ ನೆಂಟ್ರು. ಕಾಯಲ್ಲಿ ಹುಲ್ಲು ವಾಸ್ನೆ ನೆಂಟ್ರು ಇರ್ತಾರೆ, ದೋರೆ ಆಗ್ತಿದ್ದಂಗೆ ಜಾಗ ಖಾಲಿ ಮಾಡ್ತಾರೆ. ಹಣ್ಣಾದಾಗ ಬರೋರು ಯಾರು ಅಂತಾನೇ ನಂಗೆ ನೋಡ್ಬೇಕಾಗಿರೋದು.” ನಾನು ಎರಡು ವರ್ಷ ಓದಿದ್ದನ್ನು ಅವರು ಒಂದು ಲೋಟ ಕಾಫಿಯಲ್ಲಿ ಮುಗಿಸಿದ್ದರು.

ಹಳೆಯ ಲ್ಯಾಬ್ ಕೋಟನ್ನು ಕತ್ತರಿಸಿ ಮೂರು ಚೀಲ ಹೊಲಿದು, ಮೂರು ಕಾಯಿಗಳಿಗೆ ಕಟ್ಟಿದರು. ಅದಲುಬದಲಾಗಬಾರದೆಂದು ಚೀಲಗಳ ಮೇಲೆ ಕೆಂಪು ಇಂಕಿನಲ್ಲಿ ದಪ್ಪಗೆ ಸಿಪ್ಪೆಯೆಣ್ಣೆಯಲ್ಲಿರುವ ಮೂವರ ಹೆಸರು ಬರೆದರು: ಲಿಮೊನೀನ್, ಸಿಟ್ರಾಲ್, ಡೆಕನಾಲ್. ಎಡವಟ್ಟಾಗಿದ್ದು ಅಲ್ಲೇ.

ಮರದಲ್ಲಿ ಬಿಳಿ ಬಟ್ಟೆ, ಕೆಂಪು ಅಕ್ಷರ, ಒಳಗೆ ಹುಳಿಕಾಯಿ. ಬೀದಿಯವರಿಗೆ ಇನ್ನೇನು ಬೇಕು? ಯಾರೋ ಬಂದು ಇದೇನೆಂದು ಕೇಳಿದಾಗ ನಮ್ಮ ಪುಣ್ಯಾತ್ಮರು ಗಂಭೀರವಾಗಿ, “ಶಾಸ್ತ್ರ. ರಸಾಯನಶಾಸ್ತ್ರ” ಎಂದಿದ್ದಾರೆ. ಬೀದಿಯ ಕೊನೆ ಮುಟ್ಟುವಷ್ಟರಲ್ಲಿ ರಸಾಯನ ಉದುರಿಹೋಗಿ, ತಿಪ್ಪೇಶಣ್ಣ ಶಾಸ್ತ್ರ ಹೇಳುತ್ತಾರಂತೆ ಎಂದು ಸುದ್ದಿಯಾಯಿತು. ಡೆಕನಾಲ್ ಗಂಡು, ಬಹಳ ಸಿಟ್ಟಿನವನು; ಲಿಮೊನೀನ್ ಹೆಣ್ಣು, ಕೈಮುಗಿದರೆ ಒಲಿಯುತ್ತಾಳೆ ಎಂಬ ವಿವರಗಳು ಎಲ್ಲಿಂದ ಹುಟ್ಟಿದವೋ ಆ ಲಿಮೊನೀನ್ ತಾಯಿಗೇ ಗೊತ್ತು.

ಮುಂದಿನ ವಾರ ನಾನು ಹೋದಾಗ ಜಗುಲಿಯ ಮೇಲೆ ಐದಾರು ಜನ ನಿಂಬೆಹಣ್ಣು ಹಿಡಿದು ಕೂತಿದ್ದರು. ಮೊದಲನೆಯಾಕೆ, “ಅಣ್ಣಾ, ಮಗ್ಳಿಗೆ ಸಂಬಂಧ ಕೂಡಿ ಬರ್ತಿಲ್ಲ” ಎಂದು ನಿಂಬೆ ನೀಡಿದರು. ತಿಪ್ಪೇಶಣ್ಣನಿಗೆ ಕೈಗೆ ಬಂದದ್ದನ್ನು ಮೂಸದೆ ಇರಲು ಬರುವುದಿಲ್ಲ. ಆ ಹೊಳ್ಳೆ, ಈ ಹೊಳ್ಳೆ. “ಇದು ಹಣ್ಣಲ್ಲಮ್ಮ, ಕಾಯಿ. ಹತ್ತು ದಿನ ಸುಮ್ನೆ ಒಂದು ಕಡೆ ಇಡು.”

“ದೇವ್ರ ಮುಂದೆ ಇಡ್ಲಾ, ಹೊಸ್ಲು ಮೇಲಾ?”

“ಎಲ್ಲಾದ್ರೂ ಇಡು ತಾಯಿ, ಗಾಳಿ ಆಡ್ಬೇಕು ಅಷ್ಟೇ.”

ಆಕೆ ಕಣ್ಣಿಗೊತ್ತಿಕೊಂಡು ಹೋದರು. ಹತ್ತನೇ ದಿನಕ್ಕೆ ನಿಂಬೆ ಹಳದಿಯಾಯಿತು, ಅದೇ ವಾರ ಹುಡುಗನ ಕಡೆಯವರು ಬಂದರು! ತಿಪ್ಪೇಶಣ್ಣ ತಲೆ ಚಚ್ಚಿಕೊಂಡರು. “ಇದು ಶಾಸ್ತ್ರ ಅಲ್ಲ ಕಣ್ರಪ್ಪಾ, ಕೆಮಿಸ್ಟ್ರಿ!” ಎಂದು ಜಗುಲಿಯಲ್ಲಿ ಕೂಗಿದರು. ಜನ ಮನೆಗೆ ಹೋಗಿ, ಇವತ್ತು ಸ್ವಾಮಿ ಮೈಮೇಲೆ ಬಂದಿತ್ತು ಎಂದರು.

ಅಂತೂ ಆ ಸ್ವಾಮಿಯ ಸಿಟ್ಟಿನ ಭಯದಲ್ಲಿ ಮರದ ಒಂದೆಲೆಯನ್ನೂ ಯಾರೂ ಮುಟ್ಟಲಿಲ್ಲ. ಕಾಯಿಯ ಚೀಲ ಬಿಚ್ಚಿ ಲ್ಯಾಬಿಗೆ ಒಯ್ದೆ, ಆಮೇಲೆ ದೋರೆಗಾಯಿಯದು. ಉಳಿದದ್ದು ಡೆಕನಾಲ್ ಚೀಲ ಒಂದೇ. ಚೀಲ ಕಟ್ಟದ ಕಾಯಿಗಳೆಲ್ಲ ಯಾವುದೋ ಹುಳ ಬಿದ್ದು ಉದುರಿದ್ದವು. ತಿಪ್ಪೇಶಣ್ಣ ದಿನಾ ಹೋಗಿ ಚೀಲದ ಕೆಳಗೆ ಮೂಗೊಡ್ಡಿ ನಿಲ್ಲುತ್ತಿದ್ದರಂತೆ.

ಒಂದು ಬೆಳಿಗ್ಗೆ ಫೋನ್ ಬಂತು. “ತೊಟ್ಟು ಬಿಡ್ತು, ಬಾ.” ದನಿ ಕಟ್ಟಿತ್ತು. ಸಂತೋಷಕ್ಕಿರಬೇಕು ಎಂದುಕೊಂಡೆ. ಹೋಗಿ ನೋಡಿದರೆ ಶಾಲು ಹೊದ್ದು ಕೂತಿದ್ದಾರೆ, ನಾಲ್ಕು ದಿನದ ಜ್ವರ, ನೆಗಡಿ. ಎದುರಿಗೆ ತಟ್ಟೆಯಲ್ಲಿ ಬಂಗಾರದ ಬಣ್ಣದ ಹೇರಳೆ. ಅವರು ಎಡ ಹೊಳ್ಳೆಯಲ್ಲಿ ಎಳೆದರು. ಬಲ ಹೊಳ್ಳೆಯಲ್ಲಿ ಎಳೆದರು. ಮತ್ತೆ ಎಡ.

“ಏನೂ ಇಲ್ಲ ಕಣಮ್ಮ.”

“ಒಂದ್ವಾರ ಇಟ್ಕೊಳ್ಳಿ ಅಣ್ಣಾ, ನೆಗಡಿ ಹೋಗ್ಲಿ” ಎಂದೆ. ಬಾಯಲ್ಲಿ ಹಾಗೆಂದರೂ, ವಾರ ಕಳೆದರೆ ಸಿಪ್ಪೆಯ ಪರಿಮಳ ಹಾರಿಹೋಗಿ ನನ್ನ ಪ್ರಾಜೆಕ್ಟ್ ಹಳ್ಳ ಹಿಡಿಯುತ್ತದೆಂದು ಇಬ್ಬರಿಗೂ ಗೊತ್ತಿತ್ತು.

“ಸುಮ್ನೆ ತಗೊಂಡ್ ಹೋಗು. ಹೋಗೋ ಮುಂಚೆ ನೀನು ಮೂಸಿ, ಹೇಗಿದೆ ಹೇಳು.”

ಮೂಸಿದೆ. ಹುಲ್ಲಿನ ವಾಸನೆ ಇರಲೇ ಇಲ್ಲ. ಹೂವಲ್ಲ, ಜೇನಲ್ಲ, ಹೊಸದಾಗಿ ಕೊಯ್ದ ಮರವೂ ಅಲ್ಲ, ಮೂರೂ ಹೌದು. ಕೊನೆಗೆ, “ಹಣ್ಣಿನ ಹಾಗಿದೆ ಅಣ್ಣಾ” ಎಂದುಬಿಟ್ಟೆ.

“ಎಂ.ಎಸ್ಸಿ. ಓದಿ ಇದಾ!” ಎಂದು ಕೆಮ್ಮು ಬರುವ ತನಕ ನಕ್ಕರು. ಹಣ್ಣನ್ನು ಅವರೇ ನನ್ನ ಬ್ಯಾಗಿನಲ್ಲಿ ಇಟ್ಟರು. ನಾನೂ ಬೇಡವೆನ್ನದೆ ತಂದುಬಿಟ್ಟೆ. ಇವತ್ತಿಗೂ ಅದು ನನಗೆ ನಾಚಿಕೆಯ ವಿಷಯ.

ಜ್ವರ ಹೋಯಿತು, ಮೂಗು ಮಾತ್ರ ಮರಳಲಿಲ್ಲ. ಪ್ರಾಜೆಕ್ಟ್ ಮುಗಿದ ಮೇಲೆ ಪರಿಮಳವನ್ನು ಬಿಡಿಸಿ ಗೆರೆಗಳಲ್ಲಿ ತೋರಿಸುವ ಯಂತ್ರದಿಂದ ಬಂದ ಮೂರು ನಕ್ಷೆಗಳನ್ನು ಹಿಡಿದು ಹೋಗಿ ತೋರಿಸಿದೆ. ಎತ್ತರದ ಗೆರೆಯ ಮೇಲೆ ಬೆರಳಿಟ್ಟು, “ಯಜಮಾನ ಇವ್ನಾ?” ಎಂದರು. ಹೌದೆಂದೆ. ಹಣ್ಣಿನ ಕಾಗದದ ಬಲತುದಿಯಲ್ಲಿ ಸಣ್ಣಗೆ ಎದ್ದಿದ್ದ ಎರಡು ಗೆರೆಗಳನ್ನು ಸವರಿದರು. ಅವು ಉಳಿದೆರಡು ಕಾಗದಗಳಲ್ಲಿ ಇರಲಿಲ್ಲ. “ಇವ್ರೇನಾ ಕಡೇಲಿ ಬಂದೋರು?”

“ಇವ್ರೇ ಅಣ್ಣಾ.”

ಕಾಗದವನ್ನು ಮೂಗಿಗೆ ಹಿಡಿದರು. ಆ ಹೊಳ್ಳೆ, ಈ ಹೊಳ್ಳೆ. “ಇಂಕಿನ ವಾಸ್ನೆನೂ ಬರ್ತಿಲ್ಲ ಮಾರಾಯ್ತಿ. ಇರ್ಲಿ ಬಿಡು, ಮುಖ ನೋಡ್ದಂಗಾಯ್ತು” ಎಂದರು. ಅದೇ ಕೊನೆಯ ಭೇಟಿ.

ಮರುವರ್ಷ ಅವರ ವೈಕುಂಠ ಸಮಾರಾಧನೆಗೆ ಹೋದಾಗ ಬೀದಿಯ ತಿರುವಿನಲ್ಲೇ ಆ ಘಮ ಬಂದು ಹೊಡೆಯಿತು. ಶಾಸ್ತ್ರದ ಭಯಕ್ಕೆ ಊರವರು ಇನ್ನೂ ಮರ ಮುಟ್ಟಿರಲಿಲ್ಲ. ಮರಕ್ಕೆ ಮರವೇ ಹಳದಿಯಾಗಿತ್ತು. ಬಂದವರೆಲ್ಲ, ಏನಕ್ಕಾ ಇದು ಪರಿಮಳ ಎಂದು ಕೇಳುತ್ತಿದ್ದರು. ಗಿರಿಜಕ್ಕ ಪ್ರತಿಯೊಬ್ಬರಿಗೂ, “ಹೇರಳೆಹಣ್ಣು” ಎನ್ನುತ್ತಿದ್ದರು. ಅವರ ಬಾಯಲ್ಲಿ ಆ ಮಾತು ಕೇಳಲು ಅಣ್ಣ ಇರಬೇಕಿತ್ತು ಎನ್ನಿಸಿ ನನಗೆ ಅಳು ಬಂತು.

ಫೋಟೋದ ಮುಂದೆ ಯಾರೋ ನಿಂಬೆಹಣ್ಣು ಇಟ್ಟಿದ್ದರು. ಕಣ್ಣೊರೆಸಿಕೊಂಡು ಎತ್ತಿಕೊಂಡೆ. ಒಂದು ಹೊಳ್ಳೆ ಮುಚ್ಚಿ ಮೂಸಿದೆ, ಇನ್ನೊಂದು ಹೊಳ್ಳೆ ಮುಚ್ಚಿ ಮೂಸಿದೆ.

“ಗಿರಿಜಕ್ಕಾ, ಇದು ಕಾಯಿ.”

“ಗೊತ್ತು ಕಣೇ” ಎಂದರು ಅವರು. “ಹತ್ತು ದಿನ ಅಲ್ಲೇ ಇರ್ಲಿ.”